ಊಟದೆಲೆಯಂತೆ ಮಡಚಿದ ಓಟು

ಮಾನ್ಯ ಚುನಾವಣಾಧಿಕಾರಿಗಳೇ,

ನಮ್ಮ ಲೋಕಸಭಾ ಕ್ಷೇತ್ರದ ಚುನಾವಣಾ ಚರಿತ್ರೆಯನ್ನು ಬರೆದು ನಿಮ್ಮ ಕಚೇರಿಯ ಗೋಡೆಗೆ ಅಂಟಿಸಿದ್ದೀರಿ. ಐವತ್ತೆರಡು, ಐವತ್ತೇಳು, ಅರವತ್ತೆರಡು, ಈ ಮೂರು ಚುನಾವಣೆಗಳಲ್ಲೂ ‘ಪ್ರತಿಯೊಬ್ಬ ಪ್ರಜೆಯ ಮತವೂ ಎಣಿಕೆಗೆ ಬಂದಿದೆ’ ಎಂದು ಕೊನೆಯಲ್ಲಿ ಹೆಮ್ಮೆಪಟ್ಟುಕೊಂಡಿದ್ದೀರಿ. ಇದು ಶುದ್ಧ ಸುಳ್ಳು. ಮೂರು ಸಲವೂ ಒಳ್ಳೆಯ ಸೀರೆ ಉಟ್ಟು, ಮಲ್ಲಿಗೆ ಮುಡಿದು ಮತಗಟ್ಟೆಗೆ ಹೋದವಳು ನಾನು. ನನ್ನ ಮತ ಒಂದು ಸಲವೂ ಎಣಿಕೆಯಾಗಿಲ್ಲ.

ನಾನು ಯಾರೆಂದು ನೀವು ಕೇಳಬಹುದು. ಮೈಲಾಪೂರಿನಲ್ಲಿ ನಿಮ್ಮ ಕಚೇರಿಯ ಎದುರಿನ ಹೋಟೆಲು ನಮ್ಮದು. ಗಲ್ಲಾದ ಮೇಲೆ ಕುಳಿತಿರುವವರು ನನ್ನ ಯಜಮಾನರು, ಅಡುಗೆಮನೆ ನನ್ನದು. ತಮಿಳು ಮಾತಾಡಬಲ್ಲೆ, ಬರೆಯಲಾರೆ. ಆದ್ದರಿಂದ ಈ ಕನ್ನಡ ಪತ್ರಿಕೆಯ ಆಶ್ರಯ ಪಡೆದಿದ್ದೇನೆ. ನಿಮ್ಮ ಕಚೇರಿಯಲ್ಲಿ ಕನ್ನಡ ಬಲ್ಲ ಗುಮಾಸ್ತರೊಬ್ಬರಿದ್ದಾರೆ. ದಿನವೂ ನಮ್ಮಲ್ಲೇ ಕಾಫಿ ಕುಡಿಯುವ ಅವರು ಇದನ್ನು ನಿಮಗೆ ಓದಿ ಹೇಳಲಿ, ಇಲ್ಲವಾದರೆ ನಾಳೆಯ ಕಾಫಿ ಹೇಗಿರುತ್ತದೆಂದು ನಾನು ಹೇಳಲಾರೆ.

ಐವತ್ತೆರಡರ ಮಾತು ಮೊದಲು. ಪಟ್ಟಿ ಬರೆಯಲು ಬಂದ ನಿಮ್ಮವರು ನನ್ನ ಹೆಸರು ಕೇಳಿದರು. ಒಂದು ಮಗುವಿನ ತಾಯಿಯಾಗಿದ್ದರೂ ಆಗಿನ್ನೂ ಹೊಸ ಸೊಸೆಯಂತೆಯೇ ಇದ್ದೆ, ಗುರುತಿಲ್ಲದ ಗಂಡಸಿಗೆ ಹೆಸರು ಹೇಳುವುದು ಹೇಗೆಂದು ಬಾಗಿಲ ಹಿಂದೆ ಸರಿದೆ. ನಮ್ಮತ್ತೆ ಚಂದ್ರಮತಿಯವರು ಒಳಗಿನಿಂದಲೇ, “ಮೋನಪ್ಪನ ಹೆಂಡ್ತಿ ಅಂತ ಬರೀರಿ. ಅವಳಿಗೆ ಬೇರೆ ಹೆಸರು ಎಂತಕ್ಕೆ?” ಎಂದುಬಿಟ್ಟರು. ಅವರೂ ಬರೆದುಕೊಂಡರು. ಮತದ ದಿನ ಹೋದರೆ, ಸ್ವಂತ ಹೆಸರಿಲ್ಲದ ಹೆಂಗಸರನ್ನು ಹೊಡೆದುಹಾಕಿದ್ದೇವೆಂದು ತಿರುಗಿ ಕಳಿಸಿದರು. ಹೆಸರಿಲ್ಲದವಳು ಮತ ಹಾಕಬಾರದು, ಸರಿ. ಆದರೆ ಅದೇ ದಿನ ಹೆಸರಿಲ್ಲದವಳು ಮಾಡಿದ ಉಪ್ಪಿಟ್ಟನ್ನು ನಿಮ್ಮ ಸಿಬ್ಬಂದಿ ಎರಡೆರಡು ಸಲ ಹಾಕಿಸಿಕೊಂಡು ತಿಂದರಲ್ಲ, ಅದಕ್ಕೆ ಯಾವ ಕಾನೂನೂ ಅಡ್ಡ ಬರಲಿಲ್ಲವೇ?

ಮುಂದಿನ ಚುನಾವಣೆಯ ಹೊತ್ತಿಗೆ ಕ್ಷೇತ್ರದ ಗಡಿ ಬದಲಾಗಿತ್ತು. ನಾವು ಮನೆ ಬದಲಿಸಿರಲಿಲ್ಲ, ಕ್ಷೇತ್ರವೇ ನಮ್ಮನ್ನು ಬಿಟ್ಟು ಹೋಗಿತ್ತು. ನಾನು ಮಾತ್ರ ಪಟ್ಟಿಯವರು ಬಂದಾಗ ಬಾಗಿಲಿಗೆ ಅಡ್ಡ ನಿಂತು ನನ್ನ ಹೆಸರನ್ನು ಬೀದಿಗೆಲ್ಲ ಕೇಳುವಂತೆ ಹೇಳಿದೆ. ಅತ್ತೆ ಎರಡು ದಿನ ನನ್ನೊಡನೆ ಮಾತು ಬಿಟ್ಟರು.

ಆಗ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ ಇತ್ತೆಂಬುದು ನಿಮಗೆ ನೆನಪಿರಬಹುದು. ಪರದೆಯ ಹಿಂದೆ ಹೋಗಿ, ಬೇಕಾದ ಚಿಹ್ನೆಯ ಪೆಟ್ಟಿಗೆಗೆ ಚೀಟಿ ಹಾಕಬೇಕು. ಒಳಗೆ ಹೋದೆ. ಪೆಟ್ಟಿಗೆಗಳಿಗೆಲ್ಲ ಅರಗು ಮುದ್ರೆ ಒತ್ತಿ, ದಾರ ಬಿಗಿದು ಇಟ್ಟಿದ್ದಿರಿ. ಪರರು ಮುಚ್ಚಿಟ್ಟದ್ದಕ್ಕೆ ಕೈಹಾಕುವುದು ನಮ್ಮಲ್ಲಿ ಮರ್ಯಾದೆಯಲ್ಲ. ನಮ್ಮ ಹೋಟೆಲಿನಲ್ಲಿ ಗಿರಾಕಿಗಳು ಕೂಪನ್ನನ್ನು ಮೇಜಿನ ಮೇಲೆ ಲೋಟದಡಿಗೆ ಇಡುತ್ತಾರೆ, ಸಪ್ಲೈಯರ್ ಬಂದು ತೆಗೆದುಕೊಳ್ಳುತ್ತಾನೆ. ಸರಕಾರದ ಹೋಟೆಲಿಗೂ ಸಪ್ಲೈಯರ್ ಇರುತ್ತಾನೆಂದು ನಂಬಿ, ಚೀಟಿಯನ್ನು ಪೆಟ್ಟಿಗೆಯ ಮೇಲಿಟ್ಟು, ಗಾಳಿಗೆ ಹಾರದಿರಲೆಂದು ಸಂಚಿಯಿಂದ ಒಂದು ಇಡೀ ಅಡಿಕೆ ತೆಗೆದು ಹೇರಿ ಬಂದೆ.

ಸಂಜೆ ವಿಷ್ಣುಮೂರ್ತಿ ಬಂದರು. ಅವರು ನಮ್ಮ ಊರ ಕಡೆಯವರೇ, ವಿಮಾ ಕಂಪನಿಯ ಗುಮಾಸ್ತರು, ಪ್ರತಿ ಚುನಾವಣೆಯಲ್ಲೂ ಯಾರಾದರೊಬ್ಬ ಅಭ್ಯರ್ಥಿಯ ಏಜೆಂಟರಾಗಿ ಮತಗಟ್ಟೆಯಲ್ಲೂ ಎಣಿಕೆಯಲ್ಲೂ ಕೂರುವವರು. “ಜಲಜಕ್ಕಾ, ಒಂದು ತಮಾಷೆ ಉಂಟು. ಪೆಟ್ಟಿಗೆ ಮೇಲೆ ಯಾರೋ ಓಟು ಇಟ್ಟು ಅಡಿಕೆ ಹೇರಿ ಹೋಗಿದ್ದಾರೆ. ಪೆಟ್ಟಿಗೆಯಿಂದ ಹೊರಗೆ ಸಿಕ್ಕಿದ ಓಟು ಲೆಕ್ಕಕ್ಕಿಲ್ಲ ಅಂದ್ರು ಆಫೀಸರು.”

“ಅಡಿಕೆ ಎಂತ ಮಾಡಿದ್ರು?” ಎಂದು ಕೇಳಿದೆ.

“ಅದನ್ನು ಅವರೇ ಬಾಯಿಗೆ ಹಾಕಿಕೊಂಡ್ರು.”

ಮಾನ್ಯರೇ, ಅಡಿಕೆ ಸಿಂಧು, ಮತ ಅಸಿಂಧು! ಇದು ಯಾವ ನ್ಯಾಯ?

ಅರವತ್ತೆರಡರಲ್ಲಿ ನೀವು ಪದ್ಧತಿಯನ್ನೇ ಬದಲಿಸಿದಿರಿ. ಒಂದೇ ಪೆಟ್ಟಿಗೆ, ಒಂದೇ ಕಾಗದದಲ್ಲಿ ಎಲ್ಲ ಚಿಹ್ನೆಗಳು, ಬೇಕಾದ ಚಿಹ್ನೆಗೆ ಮುದ್ರೆ ಒತ್ತಿ ಮಡಚಿ ಹಾಕಬೇಕು. ನಿಮ್ಮ ಅಧಿಕಾರಿ ಹೇಳಿದ್ದು ಇಷ್ಟೇ: “ಮಡಿಚ್ಚು ಪೋಡುಂಗಮ್ಮ, ಸೀಕ್ರಂ.” ಹಿಂದಿನವರು ಕಾಯುತ್ತಿದ್ದಾರೆ, ಬೇಗ ಮಡಚಿ ಹಾಕಿ ಎಂದು. ಹೇಗೆ ಮಡಚಬೇಕೆಂದು ಹೇಳಿದರೇ? ಹೋಟೆಲಿನವರಿಗೆ ಮಡಚುವುದೆಂದರೆ ಒಂದೇ ಗೊತ್ತು. ಉಂಡ ಎಲೆಯ ಮೇಲಿನ ಅರ್ಧವನ್ನು ನಮ್ಮ ಕಡೆಗೆ ತಂದು ಮುಚ್ಚುತ್ತೇವೆ. ಊಟ ತೃಪ್ತಿಯಾಯಿತು, ಮತ್ತೆ ಬರುತ್ತೇವೆ ಎಂದು ಅದರರ್ಥ. ಸಾವಿನ ಮನೆಯಲ್ಲಿ ಉಂಡಾಗ ಮಾತ್ರ ಆಚೆ ಕಡೆಗೆ ಮಡಚುವುದು. ನಾನೂ, ಯಜಮಾನರೂ, ಅಡುಗೆಯ ಐತಪ್ಪನೂ, ಸಪ್ಲೈಯರುಗಳೂ ಎಲ್ಲರೂ ಪ್ರಜಾಪ್ರಭುತ್ವಕ್ಕೆ ಶುಭ ಕೋರಿ ನಮ್ಮ ಕಡೆಗೇ ಮಡಚಿದೆವು. ಮೇಲಿನ ಚಿಹ್ನೆಗೆ ಒತ್ತಿದ ಹಸಿ ಶಾಯಿ ಕೆಳಗಿನ ಚಿಹ್ನೆಗೂ ಮೆತ್ತಿತು.

ಎಣಿಕೆ ಮುಗಿಸಿ ಬಂದ ವಿಷ್ಣುಮೂರ್ತಿ ನಗು ತಡೆಯಲಾರದೆ ಕುರ್ಚಿ ಹಿಡಿದುಕೊಂಡರು. “ನಿಮ್ಮ ಹೋಟ್ಲಿನವರ ಓಟೆಲ್ಲ ಊಟದೆಲೆ ಹಾಗೆ ಮಡಚಿ ಬಂದಿತ್ತು ಮಾರಾಯ್ರೆ. ಒಬ್ಬೊಬ್ಬರದ್ದೂ ಇಬ್ಬರಿಗೆ ಬಿದ್ದಿದೆ. ಎಲ್ಲ ತಿರಸ್ಕೃತ.”

ಮರುದಿನ ನಿಮ್ಮ ಕಚೇರಿಗೇ ಬಂದು ದೂರಿದೆ. ಅಲ್ಲಿದ್ದವರು, ಗೆದ್ದವರಿಗೂ ಸೋತವರಿಗೂ ಬಹಳ ಅಂತರವಿದೆ, ನಿಮ್ಮ ಮತದಿಂದ ಏನೂ ಬದಲಾಗುತ್ತಿರಲಿಲ್ಲ ಎಂದು ಸಮಾಧಾನ ಹೇಳಿದರು. ಎಂಥ ಸಮಾಧಾನ! ನಿಮ್ಮ ಎಲೆಗೆ ವಡೆ ಬೀಳದಿದ್ದಾಗ, ಊರಿಗೆಲ್ಲ ಬಡಿಸಿದ್ದೇವೆ ಸ್ವಾಮೀ, ನಿಮ್ಮದೊಂದರಿಂದ ಏನಾಗಬೇಕು ಎಂದು ನಮ್ಮ ಸಪ್ಲೈಯರ್ ಹೇಳಿದರೆ ನೀವು ಸುಮ್ಮನೆ ಎದ್ದು ಕೈತೊಳೆಯುವಿರಾ?

ಈಗ ಮತ್ತೆ ಚುನಾವಣೆ ಬಂದಿದೆ. ಗಡಿಯನ್ನೂ ಮತ್ತೆ ಬದಲಿಸಿದ್ದೀರಿ. ನನ್ನ ಮಗಳು ಸುಗುಣಾಳಿಗೂ ಇಪ್ಪತ್ತೊಂದು ತುಂಬಿದೆ. ನಾನು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರಿಸುವವಳು. ನಿಮ್ಮ ಗೋಡೆಯ ಚರಿತ್ರೆಯನ್ನು ಓದಿ ಹೇಳಿ, “ಉನ್ನೋಡದು ಒಣ್ಣು ಕೂಡ ಎಣ್ಣಲೆಯೇ ಅಮ್ಮಾ” ಎಂದು ನಕ್ಕಳು. ನಿನ್ನದು ಒಂದೂ ಎಣಿಕೆಯಾಗಲಿಲ್ಲವಲ್ಲ ಎಂದು. ನಾನೂ ನಕ್ಕೆ, ಆಮೇಲೆ ಅಡುಗೆಮನೆಗೆ ಹೋಗಿ ಈ ಪತ್ರ ಬರೆಯಲು ಕುಳಿತೆ. ಮಗಳ ಮತ ಮೊದಲ ಸಲಕ್ಕೇ ಎಣಿಕೆಯಾಗಲಿ, ಸಂತೋಷ. ಆದರೆ ಈ ಊರಿಗೆ ಇಷ್ಟು ವರ್ಷ ಅನ್ನ ಬೇಯಿಸಿ ಹಾಕಿದ ನಾನೂ ಒಮ್ಮೆ ಲೆಕ್ಕಕ್ಕೆ ಬರಬೇಕೆಂದು ಆಸೆಪಟ್ಟರೆ ಅದು ಅತಿಯಾಯಿತೇ?

ನನ್ನ ಬೇಡಿಕೆ ದೊಡ್ಡದಲ್ಲ. ನಮ್ಮ ಮತಗಟ್ಟೆಯಲ್ಲಿ ಒಂದು ಬೀಸಣಿಗೆ ಇಡಿಸಿ. ಮುದ್ರೆ ಒತ್ತಿ, ಶಾಯಿ ಒಣಗುವ ತನಕ ಗಾಳಿ ಹಾಕಿಕೊಳ್ಳುತ್ತೇನೆ. ಹಿಂದಿನಿಂದ ಯಾರೂ ‘ಸೀಕ್ರಂ’ ಎನ್ನಕೂಡದು. ಹೇಗೆ ಮಡಚಬೇಕೆಂದು ಒಬ್ಬರು ಮಡಚಿ ತೋರಿಸಲಿ. ನನ್ನ ಮತ ಎಣಿಕೆಯಾಗುವ ತನಕ ಗೋಡೆಯ ಮೇಲಿನ ಆ ಕೊನೆಯ ಸಾಲಿಗೆ ‘ಒಬ್ಬರನ್ನು ಬಿಟ್ಟು’ ಎಂದು ಸೇರಿಸಿ.

ಇಷ್ಟಾದ ಮೇಲೂ ನನ್ನ ಮತ ಕಸಕ್ಕೆ ಹೋದರೆ, ಅದರ ಮುಂದಿನ ಚುನಾವಣೆಗೂ ಖಂಡಿತ ಬರುತ್ತೇನೆ. ಆಗ ಮಾತ್ರ ಕಾಗದವನ್ನು ಆಚೆ ಕಡೆಗೆ ಮಡಚುತ್ತೇನೆ.

ಇಂತಿ,
ಐವತ್ತೆರಡರಲ್ಲಿ ಮೋನಪ್ಪನ ಹೆಂಡತಿ,
ಐವತ್ತೇಳರಲ್ಲಿ ಒಂದು ಅಡಿಕೆ,
ಅರವತ್ತೆರಡರಲ್ಲಿ ಒಂದು ಎಲೆ,
ಈ ಸಲವಾದರೂ ಜಲಜಾಕ್ಷಿ

ಮೈಲಾಪೂರು, ಮದರಾಸು
ಜನವರಿ 1967