ಶಾಫ್ಟಿನ ಬಗ್ಗೆ ಕೇಳಿದೆಯಲ್ಲ, ಎಲ್ಸ್‌ಪೆತ್

ಎಲ್ಸ್‌ಪೆತ್,

ನಿನ್ನ ಹೆಸರಿನ ಮುಂದೆ ‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಬೇರೆ ಹಾಳೆ ತೆಗೆದುಕೊಳ್ಳಬಹುದಿತ್ತು. ಆ ಗೀಟು ನಿನ್ನ ಕಣ್ಣಿಗೆ ಬೀಳಲಿ ಅಂತಲೇ ಹಾಗೇ ಬಿಟ್ಟಿದ್ದೇನೆ.

ಮೊನ್ನೆ ಬೆಳಿಗ್ಗೆ ಕಾರ್ಯಾಗಾರದ ಬಾಗಿಲು ತೆಗೆದು ಚಹಾಕ್ಕೆ ನೀರಿಟ್ಟಿದ್ದೆ, ಫೋನು ಮಿಣುಕಿತು. ನೀನು ಕಳಿಸುತ್ತಿದ್ದ ಕ್ರಿಸ್‌ಮಸ್ ಕಾರ್ಡುಗಳಿಗೆ ನಾನು ಉತ್ತರ ಬರೆಯಲಿಲ್ಲ, ಕೊನೆಗೆ ಅವೂ ನಿಂತುಹೋಗಿ ಎಷ್ಟೋ ಕಾಲವಾಗಿತ್ತು. ಇನ್ನು ಈ ಹೆಸರು ನನ್ನನ್ನು ಕಾಡುವುದಿಲ್ಲ ಅಂದುಕೊಂಡಿದ್ದೆ. ನೋಡಿದರೆ ನೀನು. ಕುಶಲ ಗಿಶಲ ಏನೂ ಇಲ್ಲ, ನೇರ ಗಾಲ್ಫಿನ ಮಾತು. “ರೋನಾ, ಚೆಂಡು ತಗ್ಗಲ್ಲೇ ಹೋಗಿ ಬಲಕ್ಕೆ ಬೀಳ್ತಿದೆ. ಅಂಗಡೀಲಿ ಕ್ಲಬ್ಬಿನ ಕೋಲು ಬದಲಾಯ್ಸಿ ಹೊಸ ಶಾಫ್ಟ್ ಹಾಕಿಸಿದ್ಮೇಲಂತೂ ಇನ್ನೂ ಕೆಟ್ಟುಹೋಗಿದೆ. ಯಾವ್ದು ಹಾಕಿಸ್ಲಿ ಹೇಳು. ನನ್ನ ಸ್ವಿಂಗು ನಿನ್ನಷ್ಟು ಚೆನ್ನಾಗಿ ಯಾರಿಗ್ ಗೊತ್ತು?” ಜೊತೆಗೆ ನೀನು ಆಡುವುದನ್ನು ಯಾರೋ ಹಿಡಿದ ಒಂದು ತುಣುಕು ವಿಡಿಯೊ. ಅಷ್ಟಕ್ಕೇ ಬಿಟ್ಟಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ಕೆಳಗೆ ಇನ್ನೊಂದು ಸಾಲು ಸೇರಿಸಿದ್ದೆ: “ಆ ಹಳೇದನ್ನ ಇನ್ನೂ ಮನಸ್ಸಲ್ಲಿಟ್ಕೊಂಡಿದ್ದೀಯಾ? ನಾನು ಹೊಗಳಿದ್ದಷ್ಟೇ ಕಣೇ.”

ಹೊಗಳಿದ್ದಷ್ಟೇ. ನೀರು ಕುದಿದು ಆರಿ ತಣ್ಣಗಾಯಿತು, ನಾನು ಅಲ್ಲೇ ನಿಂತಿದ್ದೆ.

ನೀನು ಮೊದಲ ಸಲ ಕ್ರೇಗ್‌ಹೇವನ್ನಿಗೆ ಬಂದಾಗ ನಿನ್ನ ಕೈಗೆ ಕೊಡೆಯೊಂದನ್ನು ಬಿಟ್ಟು ಬೇರೆ ಯಾವ ಕೋಲೂ ಗೊತ್ತಿರಲಿಲ್ಲ. ಗ್ಲಾಸ್ಗೋದಿಂದ ಬಂದವಳು, ಔಷಧಿ ಅಂಗಡಿಯ ಗಲ್ಲೆಯ ಹಿಂದೆ ನಿಂತು ಕೆಮ್ಮಿನ ಔಷಧಿ ಮಾರುತ್ತಿದ್ದೆ. ನಮ್ಮೂರಲ್ಲಿ ಅಂಚೆಯವನೂ ಗಾಲ್ಫ್ ಆಡುತ್ತಾನೆ, ಮೀನಿನವಳೂ ಆಡುತ್ತಾಳೆ, ಪಾದ್ರಿಗಳು ಭಾನುವಾರದ ಪ್ರಾರ್ಥನೆಯನ್ನು ಚಿಕ್ಕದು ಮಾಡಿ ಓಡುತ್ತಾರೆ. ಆಡದವರ ಹತ್ತಿರ ಜನಕ್ಕೆ ಮಾತೇ ಇರುವುದಿಲ್ಲ. ನೀನು ಒಬ್ಬಳೇ ಕಡಲ ಗೋಡೆಯ ಮೇಲೆ ಕೂತು ಬನ್ನು ತಿನ್ನುತ್ತಿದ್ದುದನ್ನು ನೋಡಿ ಪಾಪ ಅನ್ನಿಸಿ ಕಾರ್ಯಾಗಾರಕ್ಕೆ ಕರೆದುಕೊಂಡು ಬಂದವಳು ನಾನು. ಅಪ್ಪ ನಿನ್ನನ್ನು ಮೇಲಿಂದ ಕೆಳಗೆ ನೋಡಿ, “ಇವ್ಳು ಚೆಂಡ್ ಹೊಡೀತಾಳೋ, ಇಲಿ ಹೊಡೀತಾಳೋ?” ಅಂತ ಕೇಳಿದ್ದು ನೆನಪಿದೆಯಾ? ನೀನು ನಕ್ಕುಬಿಟ್ಟೆ. ಅವರಿಗೆ ನೀನು ಇಷ್ಟವಾಗಿದ್ದೇ ಆ ನಗೆಯಿಂದ.

ಆಗಲೇ ಅಪ್ಪನಿಗೆ ಬಲಗೈಯ ಸ್ವಾಧೀನ ತಪ್ಪಿತ್ತು. ಅರ್ಧ ಊರಿಗೆ ಚೆಂಡು ಹೊಡೆಯುವ ಕ್ಲಬ್ಬುಗಳನ್ನು ಕೈಯಾರೆ ಮಾಡಿಕೊಟ್ಟ ಮನುಷ್ಯ, ಚಹಾದ ಲೋಟ ಎತ್ತಲೂ ಎಡಗೈಯನ್ನೇ ನಂಬಬೇಕಿತ್ತು. ಕೆಲಸವೆಲ್ಲ ನನ್ನ ಕೈಗೆ ಬಂದಿತ್ತು, ಬೈಗುಳ ಮಾತ್ರ ಅವರ ಬಾಯಲ್ಲೇ ಉಳಿದಿತ್ತು. ಹಿಂದಿನ ಹುಲ್ಲಿನ ಪಟ್ಟಿಯಲ್ಲಿ ನಿನ್ನನ್ನು ನಿಲ್ಲಿಸಿ, ಗೋಡೆಗೆ ಒರಗಿ ನಿಂತು ಅವರು ಕಲಿಸಿದ್ದು ಒಂದೇ ಒಂದು. ನೀನು ಕ್ಲಬ್ಬನ್ನು ಹಿಂದಕ್ಕೆ ಎತ್ತಿ ಮೇಲೆ ಒಯ್ದಾಗ, ಅದರ ತಲೆಯನ್ನು ಎಡಗೈಯ ಎರಡು ಬೆರಳಲ್ಲಿ ಹಿಡಿದುಕೊಂಡುಬಿಡುತ್ತಿದ್ದರು. ನೀನು ಉಸಿರು ಬಿಡುವ ತನಕ ಬಿಡುತ್ತಿರಲಿಲ್ಲ. “ನಿಲ್ಲು. ಚೆಂಡೇನು ಓಡಿಹೋಗಲ್ಲ, ಅದಕ್ ಕಾಲಿಲ್ಲ,” ಅನ್ನುತ್ತಿದ್ದರು. ಉಸಿರು ಬಿಟ್ಟೆಯೋ, ಬೆರಳು ಸಡಿಲವಾಗುತ್ತಿತ್ತು, ಕ್ಲಬ್ಬು ತಾನಾಗಿ ಇಳಿಯುತ್ತಿತ್ತು. ನನಗೂ ಚಿಕ್ಕಂದಿನಲ್ಲಿ ಹಾಗೆಯೇ ಕಲಿಸಿದ್ದು. ಮೇಲೆ ಆ ಒಂದು ಉಸಿರಿನಷ್ಟು ನಿಲ್ಲುವುದು ನಮ್ಮ ಮನೆಯ ಗುರುತು. ದೂರದಿಂದ ನೋಡಿದವರೂ ಅದು ಡೇವಿ ಕಾರ್ಸ್‌ವೆಲ್ಲನ ಮಗಳು ಅಂತ ಹೇಳಿಬಿಡುತ್ತಿದ್ದರು. ಮನೆಯ ಹೊರಗಿನವರಲ್ಲಿ ಅದು ಸಿಕ್ಕಿದ್ದು ನಿನಗೊಬ್ಬಳಿಗೇ.

ನಿನ್ನ ಮೊದಲ ಕ್ಲಬ್ಬುಗಳಿಗೆ ಶಾಫ್ಟ್ ಆರಿಸಿದವಳೂ ನಾನೇ. ಶಾಫ್ಟೆಂದರೆ ಬರೀ ಕೋಲಲ್ಲವಾ ಅಂತ ನೀನು ಕೇಳಿದ್ದೆ. ಆಡುವವರ ಅವಸರಕ್ಕೆ ತಕ್ಕಂತೆ ಅದು ಬಾಗಿ, ಚೆಂಡಿಗೆ ತಾಗುವ ಹೊತ್ತಿಗೆ ನೆಟ್ಟಗಾಗಬೇಕು. ಜೋರಾಗಿ ಬೀಸುವವರಿಗೆ ಬಿಗಿಯಾದದ್ದು, ಸಾವಧಾನದವರಿಗೆ ಮೆದುವಾದದ್ದು. ಒಂದೊಂದೇ ಹಾಕಿ, ನಿನ್ನ ಕೈಗೆ ಕೊಟ್ಟು, ತೆಗೆದು, ಮತ್ತೆ ಹಾಕಿ, ಇಡೀ ಚಳಿಗಾಲ ನಿನ್ನ ಬೆನ್ನ ಹಿಂದೆ ನಿಂತು ನೋಡಿದೆ. ಕೊನೆಗೆ ಸರಿಯಾದದ್ದು ಸಿಕ್ಕಿದ ದಿನ ಚೆಂಡು ಮೇಲೆದ್ದು ಹೋದ ಸದ್ದಿಗೆ ಅಪ್ಪ ಒಳಗಿನಿಂದಲೇ, “ಅದೇ, ಅದೇ,” ಅಂದರು. ಅವರು ಹೊರಗೆ ಬಂದು ನೋಡಲೂ ಇಲ್ಲ.

ಇಷ್ಟು ನಾನು ನಿನಗೆ ಕೊಟ್ಟದ್ದು. ಇನ್ನೊಂದನ್ನೂ ಕೊಟ್ಟೆ. ಅದು ನನ್ನ ದಡ್ಡತನ ಅಂತ ಈಗಲೂ ಹೇಳಲಾರೆ, ಗೆಳತಿಗಲ್ಲದೆ ಇನ್ಯಾರಿಗೆ ಹೇಳಬೇಕಿತ್ತು? ಕಡಲ ಗೋಡೆಯ ಮೇಲೆ ಕೂತು ಕರಿದ ಮೀನು ತಿನ್ನುತ್ತಾ ನನ್ನ ಬಲ ಮೊಣಕೈಯ ಕಥೆ ಹೇಳಿದೆ. ಹದಿಹರೆಯದಲ್ಲಿ ಅದು ಹೊರಕ್ಕೆ ಹಾರುತ್ತಿತ್ತು, ಚೆಂಡು ಬಲಕ್ಕೆ ಹೋಗಿ ಬೀಳುತ್ತಿತ್ತು. ಸರಿ ಮಾಡಿಕೊಳ್ಳಲು ವರ್ಷಗಳೇ ಹಿಡಿದವು. ಸರಿಯಾದದ್ದು ಕೂಡ ಅದನ್ನು ಮರೆತಾಗ. “ಅದರ ಮಾತು ಯಾರೂ ಎತ್ತಬಾರ್ದು ಎಲ್ಸಿ. ನೆನಪಾದ್ರೆ ಮುಗೀತು,” ಅಂದಿದ್ದೆ. ನೀನು ಬೆರಳಿನ ಎಣ್ಣೆ ಒರೆಸಿಕೊಂಡು ನನ್ನ ಮೊಣಕೈಯನ್ನು ಮೆಲ್ಲಗೆ ತಟ್ಟಿದೆ.

ಎಷ್ಟು ಚೆನ್ನಾಗಿ ಕಾಪಾಡಿದೆ ನೀನು ಆ ಗುಟ್ಟನ್ನು! ಅದನ್ನು ನಾನು ಮರೆತಿಲ್ಲ. ಜೋಡಿ ಆಟಗಳಲ್ಲಿ ನಾವಿಬ್ಬರೂ ಒಂದೇ ಚೆಂಡನ್ನು ಸರದಿಯಲ್ಲಿ ಹೊಡೆಯುತ್ತಿದ್ದ ದಿನಗಳಲ್ಲಿ, ಯಾರಾದರೂ ನನ್ನ ಸ್ವಿಂಗಿನ ಮಾತೆತ್ತಿದರೆ ನೀನು ಅಡ್ಡ ಬರುತ್ತಿದ್ದೆ. ಹುಲ್ಲು ನೋಡಿಕೊಳ್ಳುವ ವುಲ್ಲಿ ಒಮ್ಮೆ, “ರೋನಾ ಕೈ ಹೇಗ್ ಇಟ್ಕೋತಾಳೆ ನೋಡಿ,” ಅಂತ ಶುರು ಮಾಡಿದಾಗ, “ನಿನ್ನ ಹುಲ್ಲು ನೀನು ನೋಡ್ಕೋ ಹೋಗು,” ಅಂತ ಅವನನ್ನು ಓಡಿಸಿದೆ. ಅದಕ್ಕೇ ಕೇಳುತ್ತೇನೆ, ಹೊಗಳಿದ್ದಷ್ಟೇ ಅಂತ ಯಾರಿಗೆ ಹೇಳುತ್ತಿದ್ದೀಯ? ಬೇರೆ ಯಾರೇ ಆ ಮಾತು ಆಡಿದ್ದರೂ ಪಾಪ ಗೊತ್ತಿಲ್ಲದೆ ಆಡಿದರು ಅಂತ ಬಿಟ್ಟುಬಿಡುತ್ತಿದ್ದೆ. ಬಾಗಿಲಲ್ಲಿ ಅಷ್ಟು ವರ್ಷ ಕಾವಲಿದ್ದವಳು ನೀನು. ಆ ಬಾಗಿಲು ಎಲ್ಲಿದೆ ಅಂತ ಗೊತ್ತಿದ್ದವಳೂ ನೀನೊಬ್ಬಳೇ.

ಆ ವರ್ಷದ ಹೆಂಗಸರ ಅಂತಿಮ ಪಂದ್ಯಕ್ಕೆ ನಾವಿಬ್ಬರೇ ಉಳಿದಾಗ ಊರಿಗೆ ಊರೇ ನಕ್ಕಿತ್ತು, ಗೆದ್ದವಳು ಸೋತವಳಿಗೆ ಊಟ ಹಾಕಿಸಲಿ ಅಂತ. ನನಗೆ ಮಾತ್ರ ಆಟವಾಗಿರಲಿಲ್ಲ. ಕ್ಲಬ್‌ಹೌಸಿನಲ್ಲಿ ವರ್ಷವರ್ಷ ಗೆದ್ದವರ ಹೆಸರು ಬರೆಯುವ ಮರದ ಹಲಗೆಗಳಿವೆಯಲ್ಲ, ಗಂಡಸರ ಹಲಗೆಯಲ್ಲಿ ಅಪ್ಪನ ಹೆಸರಿತ್ತು. ಎದುರು ಗೋಡೆಯ ಹೆಂಗಸರ ಹಲಗೆಯಲ್ಲಿ ನನ್ನ ಹೆಸರು ನೋಡಬೇಕು ಅಂತ ಅವರಿಗೆ ಆಸೆ. ಬಾಯಿಬಿಟ್ಟು ಒಂದು ದಿನವೂ ಹೇಳಿದವರಲ್ಲ, ನಿನಗೆ ಹೇಳಿದವಳು ನಾನು. ಮುಂದಿನ ಬೇಸಿಗೆ ಅವರಿಗಿಲ್ಲ ಅಂತ ಡಾಕ್ಟರು ಹೇಳಿದ್ದೂ ನಿನಗೆ ಗೊತ್ತಿತ್ತು. ಆ ದಿನ ಕೊನೆಯ ಕುಳಿಯ ಹಿಂದೆ, ಗಾಲಿಕುರ್ಚಿಯಲ್ಲಿ, ಮೊಣಕಾಲ ಮೇಲೆ ಕಂಬಳಿ ಹೊದ್ದು ಅವರು ಕಾಯುತ್ತಿದ್ದರು.

ಹದಿನೆಂಟು ಕುಳಿಗಳಲ್ಲಿ ಹದಿನೇಳನೆಯದಕ್ಕೆ ಬಂದಾಗ ನಾವು ಸಮಸಮ. ಕಡಲ ಮಂಜು ಆಗಷ್ಟೇ ಸರಿದಿತ್ತು, ಬಲಗಡೆ ಗೋಡೆಯಾಚೆ ಅಲೆಯ ಸದ್ದು ಕೇಳುತ್ತಿತ್ತು. ನಾನು ಚೆಂಡಿಟ್ಟು ನಿಂತೆ. ನೀನು ಹಿಂದಿನಿಂದ, ಎಲ್ಲರಿಗೂ ಕೇಳುವ ಹಾಗೆ, ಜೇನಿನಂಥ ದನಿಯಲ್ಲಿ ಅಂದೆ: “ರೋನಾ, ನಿನ್ನ ಮೊಣಕೈ ಇವತ್ತು ಎಷ್ಟು ಚೆನ್ನಾಗಿ ಒಳಗೇ ಇದೆ ಕಣೇ. ಏನ್ ಮಾಡ್ದೆ?”

ಅಕ್ಕಪಕ್ಕದವರು ನಕ್ಕರು, ಎಂಥ ಗೆಳತಿಯರು ಅಂದುಕೊಂಡಿರಬೇಕು. ನಾನೂ ನಕ್ಕೆ. ಕ್ಲಬ್ಬು ಎತ್ತಿದೆ, ಮೇಲೆ ನಿಂತೆ, ಆ ಒಂದು ಉಸಿರಿನಲ್ಲಿ ನಿನ್ನ ಮಾತು ಬಂದು ಕೂತಿತು. ಚೆಂಡು ಗೋಡೆ ದಾಟಿ ಮರಳಿಗೆ ಬಿತ್ತು. ಅದನ್ನು ನಾನು ನೋಡಲಿಲ್ಲ, ನಿನ್ನ ಮುಖ ನೋಡಿದೆ. ನೀನು ಕಾಲ ಬಳಿಯ ಹುಲ್ಲು ನೋಡುತ್ತಿದ್ದೆ. ನನ್ನನ್ನು ಬಿಟ್ಟರೆ, ಚೆಂಡು ಎಲ್ಲಿ ಬಿತ್ತು ಅಂತ ಹುಡುಕದೆ ಇದ್ದವಳು ಅಲ್ಲಿ ನೀನೊಬ್ಬಳೇ.

ಯಾರಿಗೆ ದೂರು ಕೊಡಲಿ? ಹೊಗಳಬಾರದು ಅಂತ ಯಾವ ನಿಯಮವಿದೆ? ಆ ಕುಳಿ ನಿನ್ನ ಪಾಲಾಯಿತು, ಕೊನೆಯ ಕುಳಿಯಲ್ಲಿ ಇಬ್ಬರೂ ಸಮನಾಗಿ ಆಡಿದೆವು, ನೀನು ಆ ಒಂದು ಕುಳಿಯಿಂದ ಗೆದ್ದೆ. ನನ್ನನ್ನು ಸೋಲಿಸಿದ್ದು ನಾನೇ ಆರಿಸಿದ ಶಾಫ್ಟುಗಳು. ಅಪ್ಪ ಎಡಗೈ ಚಾಚಿ ನಿನ್ನ ಕೈ ಕುಲುಕಿದರು. ಮನೆಗೆ ಬರುವಾಗ ಕುರ್ಚಿ ತಳ್ಳುತ್ತಿದ್ದ ನನಗೆ, “ಕೊನೇ ತನಕ ನಿಲ್ಲೋದನ್ನ ಬಿಡ್ಲಿಲ್ಲ ನೋಡು ಆ ಹುಡುಗಿ,” ಅಂದರು. ಅವರು ಖುಷಿಯಾಗಿದ್ದರು, ಎಲ್ಸ್‌ಪೆತ್. ನಿಜ ಹೇಳಿ ಅದನ್ನೂ ಕಿತ್ತುಕೊಳ್ಳಲು ನನ್ನಿಂದ ಆಗಲಿಲ್ಲ. ಚಳಿಗಾಲದಲ್ಲಿ ಹೋಗಿಬಿಟ್ಟರು, ನಿನ್ನನ್ನು ಒಳ್ಳೆಯವಳು ಅಂದುಕೊಂಡೇ ಹೋದರು. ಶವಪೆಟ್ಟಿಗೆಯ ಹಿಂದೆ ನೀನು ಕರಿ ಕೋಟು ಹಾಕಿಕೊಂಡು ಅಳುತ್ತಾ ನಡೆದೆ. ಆ ಅಳು ಸುಳ್ಳು ಅಂತ ನಾನು ಹೇಳುವುದಿಲ್ಲ. ಸುಳ್ಳಾಗಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು.

ಆಮೇಲೆ ನೀನು ಮದುವೆಯಾಗಿ ಒಳನಾಡಿಗೆ ಹೋದೆ. ನಿನ್ನ ಹೆಸರು ಕ್ಲಬ್‌ಹೌಸಿನ ಹಲಗೆಯ ಮೇಲೆ ಚಿನ್ನದ ಅಕ್ಷರದಲ್ಲಿ ಇಲ್ಲೇ ಉಳಿಯಿತು. ರಿಪೇರಿಯ ಕ್ಲಬ್ಬುಗಳನ್ನು ತರಲು ಹೋದಾಗಲೆಲ್ಲ ಅದರ ಕೆಳಗೇ ಹಾದುಹೋಗುತ್ತೇನೆ. ನಾನು ಮತ್ತೆ ಆಡಲಿಲ್ಲ. ಆಡಲು ನೋಡಿದೆ. ಕ್ಲಬ್ಬು ಎತ್ತಿ ಮೇಲೆ ನಿಂತ ಕೂಡಲೇ ನಿನ್ನ ದನಿ ಕೇಳುತ್ತದೆ, ಅದರಿಂದ ತಪ್ಪಿಸಿಕೊಳ್ಳಲು ಅವಸರ ಮಾಡುತ್ತೇನೆ, ನಿಲ್ಲುವುದೇ ಇಲ್ಲ. ಅಪ್ಪನ ಆ ಉಸಿರು ನನ್ನ ಮೈಯಿಂದ ಹೋಗಿಬಿಟ್ಟಿದೆ. “ಊರಿಗೆಲ್ಲ ಅಡುಗೆ ಮಾಡಿ ನೀನು ಉಪವಾಸ ಇರ್ತೀಯಲ್ಲೇ,” ಅಂತ ವುಲ್ಲಿ ಈಗಲೂ ಕೆಣಕುತ್ತಾನೆ. ಸೊಂಟನೋವು ಅಂತ ಹೇಳಿ ಸುಮ್ಮನಾಗಿಸುತ್ತೇನೆ.

ಇರಲಿ, ನಿನ್ನ ವಿಡಿಯೊ ನೋಡಿದೆ. ನಿನ್ನ ಕಾಯಿಲೆ ಗೊತ್ತಾಗಲು ಒಂದೇ ಸಲ ನೋಡಿದ್ದು ಸಾಕಾಯಿತು. ಅಂಗಡಿಯ ಯಂತ್ರದ ಮುಂದೆ ನೀನು ಹೇಗೆ ಬೀಸಿರುತ್ತೀಯ ಅಂತ ಇಲ್ಲಿಂದಲೇ ಹೇಳಬಲ್ಲೆ. ವೇಗ ತೋರಿಸುವ ಪೆಟ್ಟಿಗೆಯ ಎದುರು ಎಲ್ಲರೂ ಹಲ್ಲು ಕಚ್ಚಿ, ಜನ್ಮದಲ್ಲಿ ಬೀಸದಷ್ಟು ಜೋರಾಗಿ ಬೀಸುತ್ತಾರೆ. ಅದು ತೋರಿಸಿದ ಅಂಕಿ ನೋಡಿ ಅಂಗಡಿಯವರು ಬಿಗಿ ಶಾಫ್ಟು ಕೊಡುತ್ತಾರೆ. ಹಾಗೆ ಜನ ತಾವಲ್ಲದ ಇನ್ಯಾರಿಗೋ ಸರಿಹೋಗುವ ಶಾಫ್ಟು ಕೊಂಡು ಮನೆಗೆ ಬರುತ್ತಾರೆ. ನಿನ್ನ ಮೈಗೆ ವಯಸ್ಸಾಗಿದೆ, ಎಲ್ಸ್‌ಪೆತ್, ಒಪ್ಪಿಕೋ. ಆ ಬಿಗಿ ಕೋಲು ನಿನ್ನ ಕೈಯಲ್ಲಿ ಬಾಗುತ್ತಲೇ ಇಲ್ಲ. ಅದನ್ನು ಬಾಗಿಸಲು ನೀನು ಮೇಲಿನಿಂದಲೇ ಎಳೆಯುತ್ತೀಯ.

ನಿಜ ಹೇಳುತ್ತೇನೆ. ನಿನಗೆ ಮೊದಲು ಬರೆದ ಉತ್ತರ ಇದಲ್ಲ. “ಇನ್ನೂ ಒಂದು ಮೆಟ್ಟಿಲು ಬಿಗಿಯಾದದ್ದು ಹಾಕಿಸು, ನಿನ್ನಂಥ ಬಲವಾದ ಸ್ವಿಂಗಿಗೆ ಅದೇ ಸರಿ, ಎಷ್ಟು ಚೆನ್ನಾಗಿ ಬೀಸುತ್ತೀಯ ಕಣೇ,” ಅಂತ ಬರೆದಿದ್ದೆ. ಹೊಗಳಿದ್ದಷ್ಟೇ! ನೀನು ನಂಬುತ್ತಿದ್ದೆ, ನನಗದು ಗೊತ್ತು. ನಾನು ಮೋಸ ಮಾಡುವವಳಲ್ಲ ಅನ್ನುವ ಧೈರ್ಯದ ಮೇಲೇ ತಾನೇ ನೀನು ನನ್ನನ್ನು ಕೇಳಿದ್ದು? ಒಂದು ಬೇಸಿಗೆ ಕಳೆಯುವುದರೊಳಗೆ ನಿನ್ನ ಆಟ ಮಣ್ಣುಪಾಲಾಗುತ್ತಿತ್ತು. ಅಂಚೆಚೀಟಿಯನ್ನೂ ಹಚ್ಚಿಟ್ಟಿದ್ದೆ.

ಅಂಚೆಗೆ ಹಾಕುವ ಮುಂಚೆ ವಿಡಿಯೊವನ್ನು ಇನ್ನೊಮ್ಮೆ ನೋಡಿದೆ. ಈ ಸಲ ಮೆಲ್ಲಗೆ ಓಡಿಸಿದೆ. ಕ್ಲಬ್ಬು ಮೇಲೆ ಹೋಗುತ್ತದೆ, ಅಲ್ಲಿ, ಎಳೆಯುವ ಮುಂಚೆ, ಅರ್ಧ ಉಸಿರಿನಷ್ಟು ನಿಲ್ಲುತ್ತದೆ. ಪೂರ್ತಿ ಇಲ್ಲ, ಅರ್ಧವೇ. ಯಾರೋ ಹಿಡಿದುಕೊಂಡ ಹಾಗೆ. ನನಗೆ ಅಪ್ಪನ ಎಡಗೈಯ ಆ ಎರಡು ಬೆರಳೇ ಕಂಡವು. ಬೆಂಚಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ನನ್ನ ಮೈಯಲ್ಲಿ ಸತ್ತದ್ದು ನಿನ್ನ ಮೈಯಲ್ಲಿ ಉಳಿದಿದೆ. ಜಗತ್ತಿನಲ್ಲಿ ಇನ್ನು ಬೇರೆಲ್ಲೂ ಇಲ್ಲ. ನಾನು ಬರೆದಿದ್ದ ಶಾಫ್ಟನ್ನು ಹಾಕಿಸಿದ್ದರೆ ಆ ಅರ್ಧವೂ ಹೋಗುತ್ತಿತ್ತು.

ಆ ಕಾಗದವನ್ನು ಒಲೆಗೆ ಹಾಕಿದೆ. ಈಗ ಬರೆಯುವುದನ್ನು ಸರಿಯಾಗಿ ಓದಿಕೋ. ಅಂಗಡಿಯವರು ಹಾಕಿದ್ದನ್ನೆಲ್ಲ ಕೀಳಿಸು. ನಿನಗೆ ಈಗ ಬೇಕಾದದ್ದು ಹಗುರವಾದದ್ದು, ನಾನು ಮೊದಲು ಹಾಕಿಕೊಟ್ಟದ್ದಕ್ಕಿಂತಲೂ ಒಂದು ಮೆಟ್ಟಿಲು ಮೆದು. ಉದ್ದ ಬದಲಾಯಿಸಬೇಡ. ಮೆದು ಅಂದರೆ ಮುದುಕಿಯರದ್ದು ಅಂತ ಯಾರಾದರೂ ನಕ್ಕರೆ ನಗಲಿ. ಮತ್ತೆ ಎಂದಾದರೂ ಯಂತ್ರದ ಮುಂದೆ ನಿಲ್ಲಬೇಕಾಗಿ ಬಂದರೆ ಆಡಿ ದಣಿದ ಮೇಲೆ, ಯಾರೂ ನೋಡದಿರುವಾಗ ನಿಲ್ಲು. ಮೊದಲ ವಾರ ಚೆಂಡು ಎಡಕ್ಕೆ ಹೋದೀತು, ಹೆದರಿಕೊಳ್ಳಬೇಡ. ಮೇಲೆ ನಿಂತು ಉಸಿರು ಬಿಡು. ಉಳಿದದ್ದನ್ನು ಶಾಫ್ಟು ನೋಡಿಕೊಳ್ಳುತ್ತದೆ.

ಬೇರೆಯವರ ಕೈಯಲ್ಲಿ ಹಾಕಿಸಬೇಡ, ಕೆಡಿಸುತ್ತಾರೆ. ಕ್ಲಬ್ಬುಗಳನ್ನು ಅಂಚೆಯಲ್ಲಿ ಕಳಿಸು, ನಾನೇ ಹಾಕಿ ಕಳಿಸುತ್ತೇನೆ. ನೀನು ಬರಬೇಡ. ಬಾಗಿಲಲ್ಲಿ ನಿನ್ನನ್ನು ಕಂಡರೆ ಚಹಾ ಕೊಡುತ್ತೇನೋ ಬಾಗಿಲು ಹಾಕುತ್ತೇನೋ ನನಗೇ ಗೊತ್ತಿಲ್ಲ. ಕ್ಷಮಿಸಿದ್ದೇನೆ ಅಂತ ನಿನ್ನ ಗಂಡನ ಹತ್ತಿರ ಹೇಳಿಕೊಳ್ಳಲೂ ಬೇಡ. ಈ ಕೆಲಸ ನಿನಗೋಸ್ಕರ ಮಾಡುತ್ತಿಲ್ಲ.

ಆದರೂ ಒಂದು ಹಾರೈಕೆ ಹೇಳಿ ಮುಗಿಸುತ್ತೇನೆ. ಇದನ್ನು ಹೊಡೆದುಹಾಕಿಲ್ಲ, ನೋಡು. ಇನ್ನು ಆಡುವಷ್ಟು ದಿನವೂ, ನೀನು ಕ್ಲಬ್ಬು ಎತ್ತಿ ಮೇಲೆ ನಿಂತಾಗ, ನಿನಗೆ ಯಾರ ದನಿಯೂ ಕೇಳಿಸದಿರಲಿ.

ಡೇವಿ ಕಾರ್ಸ್‌ವೆಲ್ಲನ ಮಗಳು,
ರೋನಾ