ಮೈಸೂರು ಪಾಕಿಗೆ ದನದ ಡಾಕ್ಟರ ಸಹಿ

ಡುಲುತ್, ಜಾರ್ಜಿಯಾ
ಅಕ್ಟೋಬರ್ 2023

ಲೆಸ್ಟರ್‌ನಲ್ಲಿರುವ ನನ್ನ ಅಕ್ಕನಿಗೆ,

ಈ ಕಾರ್ಡಿನ ಚಿತ್ರದಲ್ಲಿರುವ ಕೆರೆ, ಅದರ ಮೇಲಿನ ಸೇತುವೆ ನೋಡಿದೆಯಾ? ನಮ್ಮ ಜಾರ್ಜಿಯಾ ರಾಜ್ಯ ಮುಗಿದು ಸೌತ್ ಕ್ಯಾರೊಲಿನಾ ರಾಜ್ಯ ಶುರುವಾಗುವ ಗಡಿ ಇದೇ. ನಿನ್ನೆ ಇವರ ಹೊಸ ಕೆಲಸದ ಮಾಲೀಕ ಧೀರಜ್‌ನ ವ್ಯಾನಿನಲ್ಲಿ ನಾವೂ ಕುಳಿತು ಶಾರ್ಲೆಟ್‌ನ ಅಂಗಡಿಗಳಿಗೆ ಮೈಸೂರು ಪಾಕ್ ಒಯ್ದೆವು. ಗಡಿಯ ಬೋರ್ಡ್ ಕಂಡದ್ದೇ ತಡ, ಇವರು ನೆಟ್ಟಗೆ ಕುಳಿತು ಬ್ಯಾಗಿನಿಂದ ಸರಕಿನ ಕಾಗದಗಳ ಫೈಲ್ ತೆಗೆದರು. ಒಂದೊಂದೇ ಹಾಳೆ ತಿರುವತೊಡಗಿದರು.

"ಏನ್ ಹುಡುಕ್ತಿದೀರಾ ಅಂಕಲ್?" ಎಂದ ಧೀರಜ್.

"ದನದ ಡಾಕ್ಟರ್ ಹತ್ರ ಸೈನ್ ಮಾಡಿಸಿದೀಯ ತಾನೇ? ಇದ್ರಲ್ಲಿ ತುಪ್ಪ ಇದೆ."

ಪಾಪ, ಅವನಿಗೇನು ಗೊತ್ತು? ಬ್ರಿಟನ್ ಯುರೋಪಿನ ಒಕ್ಕೂಟ ಬಿಟ್ಟ ಮೇಲೆ ಪ್ಯಾರಿಸ್‌ಗೆ ಹೊರಟಿದ್ದ ನಮ್ಮ ಸಿಹಿತಿಂಡಿಯನ್ನು, ಹಾಲು-ತುಪ್ಪದ ಸರಕಿಗೆಲ್ಲ ಬೇಕಾದ ಆ ಸಹಿ ಇಲ್ಲವೆಂದು ಬಂದರಿನಲ್ಲಿ ತಡೆದದ್ದು, ಕೊನೆಗೆ ಅಲ್ಲಿನ ನಮ್ಮ ಅಂಗಡಿಗೇ ಬೀಗ ಬಿದ್ದದ್ದು ನಿನಗೆ ಮಾತ್ರ ಗೊತ್ತು.

ಧೀರಜ್ ನಕ್ಕುಬಿಟ್ಟ. "ಬಾರ್ಡರ್ ಆಗ್ಲೇ ಕ್ರಾಸ್ ಮಾಡಿದ್ವಿ ಅಂಕಲ್. ಇಲ್ಲಿ ಯಾರೂ ಸ್ಟಾಪ್ ಮಾಡಲ್ಲ."

ತಿರುಗಿ ನೋಡಿದರೆ ನೀರಿನ ಅಂಚಿನಲ್ಲಿ ಒಬ್ಬ ಗಾಳ ಹಾಕಿಕೊಂಡು ಕುಳಿತಿದ್ದ. ಇಡೀ ಗಡಿಯಲ್ಲಿದ್ದವನು ಅವನೊಬ್ಬನೇ. ಒಕ್ಕೂಟ ಬಿಡಬೇಕೆಂದು ವೋಟು ಹಾಕಿದ ನಿನ್ನ ಪಕ್ಕದ ಮನೆಯವರಿಗೆ ಈ ಕಾರ್ಡ್ ತಪ್ಪದೆ ತೋರಿಸು.

ಇವರ ಬಿ.ಪಿ. ಇಳಿದಿದೆ, ಡಾಕ್ಟರು ಮಾತ್ರೆ ಅರ್ಧ ಮಾಡಿದ್ದಾರೆ. ನೀನಿನ್ನು ಚಿಂತೆ ಬಿಡು. ಜಾಗ ಮುಗಿಯುತ್ತಿದೆ, ಇದೊಂದು ಹೇಳಿಬಿಡುತ್ತೇನೆ: ವಾಪಸ್ ಬರುವಾಗ ಅದೇ ಸೇತುವೆ ದಾಟಿದ್ದು ಇವರಿಗೆ ಗೊತ್ತೇ ಆಗಲಿಲ್ಲ. ಆ ಫೈಲನ್ನೇ ತಲೆದಿಂಬು ಮಾಡಿಕೊಂಡು ಗೊರಕೆ ಹೊಡೆಯುತ್ತಿದ್ದರು.

ನಿನ್ನ
ಶ್ರೀಲತಾ