ನನ್ನ ತಮ್ಮನಿಗೆ ನನ್ನ ತಮ್ಮನೇ ದಾನಿ

ಚಿಕಿತ್ಸೆಗಳಿಗೆ ಮಂಜೂರಾತಿ ನೀಡುವ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನನ್ನ ತಮ್ಮನ ಕಿರುಬೆರಳಿನ ತುದಿ ಕಪ್ಪಾಗುತ್ತಿದೆ. ತಮ್ಮ ಘನ ಕಚೇರಿ ಇನ್ನೂ ದಾನಿಯನ್ನು ಹುಡುಕುತ್ತಿದೆ. ಯಾವ ದಾನಿ, ಸ್ವಾಮಿ?

ನನ್ನ ತಮ್ಮ ಬಾಗಿಲು ಕೂರಿಸುವ ಬಡಗಿ. ಚೌಕಟ್ಟು ಬಿಗಿಯಾದರೆ ಸುತ್ತಿಗೆ ಮುಟ್ಟದೆ ಅಂಗೈಯ ಬುಡದಿಂದಲೇ ಗುದ್ದುವುದು ಅವನ ರೂಢಿ. "ಸುತ್ತಿಗೆ ಏಟು ಬಿದ್ರೆ ಮರದ ಮೇಲೆ ಕಲೆ ಕೂರುತ್ತೆ ಕಣಕ್ಕಾ, ಕೈಗೇನಾಗುತ್ತೆ?" ಅನ್ನುತ್ತಿದ್ದ. ಆಗಿದ್ದು ಇಷ್ಟು: ಗುದ್ದಿ ಗುದ್ದಿ ಅಲ್ಲಿನ ರಕ್ತನಾಳ ಜಜ್ಜಿ ಮುಚ್ಚಿಹೋಯಿತು, ಬೆರಳಿಗೆ ರಕ್ತ ಹೋಗುತ್ತಿಲ್ಲ. ಕೈ ಶಸ್ತ್ರಚಿಕಿತ್ಸೆಯ ವೈದ್ಯೆ ದಾರಿ ತೋರಿಸಿದರು. ಅದೇ ಕೈಯ ಮುಂದೋಳಿನಿಂದ, ಅಂದರೆ ಮೊಣಕೈಯ ಕೆಳಗಿನಿಂದ, ತೆಗೆದರೂ ತೊಂದರೆಯಾಗದ ಸಣ್ಣ ಅಪಧಮನಿಯ ತುಂಡೊಂದನ್ನು ತೆಗೆದು ಹಾಳಾದ ಜಾಗಕ್ಕೆ ಕಸಿ ಮಾಡುವುದು. ಅಳತೆಯೂ ಸರಿಹೊಂದುತ್ತದಂತೆ.

ಅವರ ವರದಿಯಲ್ಲಿ 'ದಾನಿ ಭಾಗ: ಮುಂದೋಳು' ಎಂದಿತ್ತು. ತಮ್ಮವರ ಕಣ್ಣಿಗೆ ಬಿದ್ದದ್ದು 'ದಾನಿ' ಮಾತ್ರ. ದಾನಿಯ ಒಪ್ಪಿಗೆ ಪತ್ರ ಎಲ್ಲಿ? ಸ್ವಂತ ಇಚ್ಛೆಯಿಂದ ಕೊಡುತ್ತಿದ್ದಾರೆಯೇ? ರೋಗಿಗೆ ಏನು ಸಂಬಂಧ? ಸಂಬಂಧವೇ? ಹುಟ್ಟಿದಾಗಿನಿಂದ ಮಣಿಕಟ್ಟಿನ ಆಚೆಗೊಬ್ಬರು, ಈಚೆಗೊಬ್ಬರು. ಇದಕ್ಕಿಂತ ಹತ್ತಿರದ ನಂಟನ್ನು ಎಲ್ಲಿಂದ ತರಲಿ? ವೈದ್ಯೆ ವಿವರಿಸಿ ಬರೆದರೆ, ದಾನಿಯೂ ರೋಗಿಯೂ ಒಬ್ಬರೇ ಆಗಿರುವುದು ನಿಯಮಬಾಹಿರ ಎಂದು ಉತ್ತರ ಬಂತು. ಓದಿ ನಕ್ಕುಬಿಟ್ಟೆ. ಆಮೇಲೆ ಅಳು ಬಂತು. ಅವನು ದಿನವಿಡೀ ಆ ಬೆರಳನ್ನು ಕಂಕುಳಲ್ಲಿ ಬೆಚ್ಚಗಿಟ್ಟುಕೊಂಡು ಕೂತಿರುತ್ತಾನೆ, ಅಂಗಿಯ ಗುಂಡಿ ನಾನೇ ಹಾಕಬೇಕು. ನನಗಂತೂ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಭಯವಾಗುತ್ತಿದೆ.

ಬೇರೆ ದಾರಿಯೇ ಇಲ್ಲವೇ ಎಂದು ನಿನ್ನೆ ತಮ್ಮ ಕಚೇರಿಯ ಕೌಂಟರಿನಲ್ಲಿ ಕೇಳಿದೆ. ಗುಮಾಸ್ತರು ಪಾಪ, ಒಳ್ಳೆಯವರು. ದನಿ ತಗ್ಗಿಸಿ, "ಬೆರಳು ತೆಗೆಸೋದಾದ್ರೆ ಇವತ್ತೇ ಮಂಜೂರಾಗುತ್ತೆ ನೋಡಿ ಅಕ್ಕಾ. ಅದಕ್ಕೆ ದಾನಿ ಬೇಕಿಲ್ಲ" ಅಂದರು.

ಮಾನ್ಯರೇ, ಕತ್ತರಿಸಲು ಇಲ್ಲದ ಅಡ್ಡಿ ಉಳಿಸಲು ಯಾಕೆ? ಕಸಿಗೆ ಇಂದೇ ಮಂಜೂರಾತಿ ಕೊಡಿ. ಆಗದಿದ್ದರೆ ದಯಮಾಡಿ ನಮ್ಮ ಮನೆಗೆ ಬನ್ನಿ. ಬಾಗಿಲು ಕೂರಿಸುವವನಿಗೆ ಎಷ್ಟು ಬೆರಳು ಸಾಕು ಎಂದು ಅವನ ಮುಖ ನೋಡಿ ತಾವೇ ಹೇಳಿ.

ಇಂತಿ,
ದಾನಿಗೂ ರೋಗಿಗೂ ಇರುವ ಒಬ್ಬಳೇ ಅಕ್ಕ